ಐದು ಕಿಲೋ ಸುಳ್ಳು

ಹದಿನಾಲ್ಕನೇ ತಾರೀಕು, ಗುರುವಾರ
ಅಡುಗೆಮನೆಯ ಮೇಜಿನಿಂದ

ತೂಕ ಮತ್ತು ಅಳತೆ ಇಲಾಖೆಯ ನಿವೃತ್ತ ಇನ್‌ಸ್ಪೆಕ್ಟರೂ, ಸದ್ಯ ಹೃದ್ರೋಗ ವಾರ್ಡಿನ ಏಳನೇ ಮಂಚದ ಒಡೆಯರೂ, ನನ್ನ ಯಜಮಾನರೂ ಆದ ತಮಗೆ ನಮಸ್ಕಾರ.

ನಾನು ಕ್ಷೇಮವಾಗಿಲ್ಲ. ನಿಮ್ಮ ಕ್ಷೇಮವನ್ನು ವಾರ್ಡಿಗೆ ಫೋನ್ ಮಾಡಿ ತಿಳಿದುಕೊಂಡಿದ್ದೇನೆ. ನಿಮ್ಮನ್ನೇ ಕೇಳಿ ನಂಬುವ ಕಾಲ ಮುಗಿಯಿತು.

ಮೂರು ದಿನದಿಂದ ಯಾಕೆ ಬಂದಿಲ್ಲ ಎಂದು ಮಗಳ ಕೈಲಿ ಕೇಳಿಸಿದಿರಂತೆ. ಬಂದರೆ ನೀವು ಕೆಮ್ಮುತ್ತೀರಿ, ನನ್ನ ಸಿಟ್ಟು ಕರಗುತ್ತದೆ. ಕಾಗದಕ್ಕೆ ಕೆಮ್ಮು ಕೇಳಿಸುವುದಿಲ್ಲ. ಹಾಗಾಗಿ ಈ ಕಾಗದ.

ಮೂವತ್ತೊಂದು ವರ್ಷ ನೀವು ಅಂಗಡಿ ಅಂಗಡಿಗೆ ನುಗ್ಗಿ ತಕ್ಕಡಿ ತಪಾಸಣೆ ಮಾಡಿದವರು. ತಟ್ಟೆಯಡಿ ಹುಣಸೆಹಣ್ಣು ಅಂಟಿಸಿದವನನ್ನೂ, ಹೆಬ್ಬೆರಳು ಒತ್ತಿದವನನ್ನೂ ಕಂಬಿ ಎಣಿಸುವ ತನಕ ಬಿಡದವರು. ನಿಮ್ಮ ಬೂಟಿನ ಸದ್ದಿಗೇ ಬೀದಿಯ ತಕ್ಕಡಿಗಳೆಲ್ಲ ನೆಟ್ಟಗಾಗುತ್ತಿದ್ದವಂತೆ. ಹೀಗೆಂದು ಹೇಳಿದವರು ನೀವೇ. ಈಗ ಅದಕ್ಕೂ ಸಾಕ್ಷಿ ಬೇಕೆನಿಸುತ್ತದೆ.

ನಿಮ್ಮ ಹೃದಯ ಸೋತಿದೆ, ಮೈಯಲ್ಲಿ ನೀರು ನಿಂತರೆ ಮೊದಲು ಏರುವುದು ತೂಕ, ಎರಡು ಕಿಲೋ ಏರಿದರೂ ತಿಳಿಸಿ ಎಂದು ಡಾಕ್ಟರು ಆ ತೂಕದ ಯಂತ್ರ ಕೊಟ್ಟು ಕಳಿಸಿದರು. ಹತ್ತಿ ನಿಂತರೆ ಸಾಕು, ಸಂಖ್ಯೆ ತಾನಾಗಿಯೇ ಆಸ್ಪತ್ರೆಗೆ ಹೋಗುತ್ತದೆ. ಎಂಟು ಗಂಟೆಗೆ ನರ್ಸಮ್ಮ ಫೋನಿನ ಪರದೆಯಲ್ಲಿ ಬರುತ್ತಾಳೆ. ಯಂತ್ರವನ್ನು ಕೈತೊಳೆಯುವ ಬೇಸಿನ್ ಪಕ್ಕ, ಕನ್ನಡಿಯ ಕೆಳಗೆ ಇಟ್ಟೆವು. ಮೊದಲ ದಿನವೇ ನೀವು ಗಂಭೀರವಾಗಿ, "ನೀನು ಒಳಗೆ ಹೋಗು. ತೂಕದ ಹೊತ್ತಲ್ಲಿ ಹತ್ರ ಯಾರೂ ಇರಬಾರ್ದು, ಇಲಾಖೆ ನಿಯಮ" ಅಂದಿರಿ. ನಾನು ಸರ್ಕಾರಕ್ಕೆ ಹೆದರಿ ಅಡುಗೆಮನೆಗೆ ಹೋದೆ.

ಮೂರು ವಾರ ಅರವತ್ತೊಂದೂವರೆ. ಹೆಚ್ಚಿಲ್ಲ, ಕಡಿಮೆಯಿಲ್ಲ. ನರ್ಸಮ್ಮ ದಿನಾ, "ಅಮ್ಮಾ, ನಿಮ್ಮಂಥೋರು ಮನೇಲಿದ್ರೆ ನಮಗೆ ಕೆಲಸವೇ ಇರಲ್ಲ" ಅನ್ನುತ್ತಿದ್ದಳು. ನಲವತ್ತು ವರ್ಷದಲ್ಲಿ ನಿಮ್ಮ ಬಾಯಿಂದ ನಾನು ಗಳಿಸಿದ ಅತ್ಯುನ್ನತ ಪ್ರಶಸ್ತಿ "ಪರ್ವಾಗಿಲ್ಲ". ಎಂಟು ಗಂಟೆಗೆ ಮುಂಚೆ ನಾನು ತಲೆ ಬಾಚಿಕೊಳ್ಳಲು ಶುರು ಮಾಡಿದ್ದೆ.

ಅಷ್ಟರಲ್ಲಿ ನಿಮಗೆ ಮಲಗಲು ಮೂರು ದಿಂಬು ಬೇಕಾಯಿತು. ಸೆಕೆಯಲ್ಲೂ ಕಾಲುಚೀಲ ಬಿಚ್ಚಲಿಲ್ಲ. ಆಮೇಲೆ ಆಂಬುಲೆನ್ಸ್. ಆಸ್ಪತ್ರೆಯ ತಕ್ಕಡಿ ಅರವತ್ತಾರೂವರೆ ಅಂದಿತು. ಡಾಕ್ಟರು ನಿಮ್ಮನ್ನು ಬಿಟ್ಟು ನನ್ನನ್ನು ನೋಡಿದರು. "ಉಪ್ಪು ಜಾಸ್ತಿ ಹಾಕ್ತಿದ್ರೇನಮ್ಮಾ?" ವಾರ್ಡಿಗೆ ವಾರ್ಡೇ ನನ್ನ ಕಡೆ ತಿರುಗಿತು. ನೀವು ಆಮ್ಲಜನಕದ ಮುಖವಾಡದ ಹಿಂದೆ ಕಣ್ಣು ಮುಚ್ಚಿಕೊಂಡಿರಿ. ಉಪ್ಪಿಲ್ಲದ ಅಡುಗೆಯನ್ನು ನಿಮ್ಮ ಜೊತೆ ನಾನೂ ಎರಡು ತಿಂಗಳು ಉಂಡಿದ್ದೇನೆ ಎಂದು ಆ ಮುಖವಾಡ ಸರಿಸಿ ಒಂದು ಮಾತು ಹೇಳಲಿಲ್ಲ.

ಮನೆಗೆ ಬಂದು ನೆಲ ಒರೆಸಿದೆ. ಯಂತ್ರದ ಬಲಗಡೆ ಬಿಳಿ ಟೈಲ್ಸಿನ ಮೇಲೆ ಕಪ್ಪು ಬಿಲ್ಲೆಗಳು, ಒಂದರ ಮೇಲೊಂದು. ನಿಮ್ಮ ಕೈಕೋಲಿನ ರಬ್ಬರಿನ ಗುರುತು. ಕೋಲು ಊರಿ, ಏರಿದಷ್ಟು ತೂಕವನ್ನು ನೆಲಕ್ಕೆ ದಾಟಿಸಿದ್ದೀರಿ. ನೂರು ಗ್ರಾಂ ಆಚೀಚೆಯಾಗದಂತೆ ಒತ್ತುವ ಕೈ ಬೇರೆ ಯಾರಿಗಿದ್ದೀತು? ಬೇಲಿಯೇ ಎದ್ದು ಹೊಲ ಮೇಯ್ದಿತು, ಅದೂ ಅಳತೆ ಮಾಡಿ ಮೇಯ್ದಿತು.

ಮಗಳು ಕೇಳಿದಾಗ ಒಪ್ಪಿಕೊಂಡಿರಂತೆ. "ಹೊಗಳಿಸ್ಕೊಂಡಾಗ ನಿಮ್ಮಮ್ಮನ ಮುಖ ನೋಡಿದ್ದೀಯಾ? ನನ್ನಿಂದ ಅದು ಯಾಕೆ ನಿಲ್ಬೇಕು" ಅಂದಿರಂತೆ. ಇದನ್ನು ಕೇಳಿ ಅಳಬೇಕೋ, ಆ ಕೋಲಿನಿಂದಲೇ ನಿಮಗೆರಡು ಬಿಡಬೇಕೋ ತಿಳಿಯಲಿಲ್ಲ. ನನಗೆ ಮೆಚ್ಚುಗೆ ಬೇಕಿದ್ದರೆ ನೀವೇ ಒಂದು ಮಾತು ಆಡಬಹುದಿತ್ತು. ಅದಕ್ಕೆ ಜೀವ ತೆರಬೇಕಿರಲಿಲ್ಲ. ನೀವು ಹೋಗಿದ್ದರೆ ಆ ಅರವತ್ತೊಂದೂವರೆಯನ್ನು ನಾನು ಸಾಯುವ ತನಕ ಹೊರಬೇಕಿತ್ತು.

ಸೋಮವಾರ ನಿಮ್ಮನ್ನು ಬಿಡುತ್ತಾರಂತೆ. ಮನೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳುತ್ತೇನೆಂದು ನಾನು ಸಹಿ ಹಾಕಿದರೆ ಮನೆಗೆ. ಇಲ್ಲವಾದರೆ ಆರೈಕೆ ಕೇಂದ್ರಕ್ಕೆ. ನರ್ಸಮ್ಮ ಕಳಿಸಿದ ಫಾರಂ ಎದುರಿಗಿದೆ. ನಾಲ್ಕನೇ ಪ್ರಶ್ನೆ, ಸಹಿ, ಎರಡೂ ಖಾಲಿ.

ಇಂತಿ,
ತಮ್ಮ ಆರೈಕೆದಾರಳು
(ಸದ್ಯಕ್ಕೆ ಅಮಾನತಿನಲ್ಲಿ)

ಮರೆತ ಮಾತು: ನಾಲ್ಕನೇ ಪ್ರಶ್ನೆ ಹೀಗಿದೆ: "ತೂಕ ತಪ್ಪಾಗಿ ದಾಖಲಾಗುತ್ತಿದ್ದುದು ಮನೆಯವರಿಗೆ ಮೊದಲೇ ಗೊತ್ತಿತ್ತೇ?" ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ. ನಮ್ಮ ಬೇಸಿನ್ ಮೇಲಿನ ಕನ್ನಡಿ ಒಲೆಯ ಹತ್ತಿರ ನಿಂತರೆ ಚೆನ್ನಾಗಿ ಕಾಣುತ್ತದೆ. ಆಂಬುಲೆನ್ಸ್ ಬರುವುದಕ್ಕೆ ಐದು ದಿನ ಮುಂಚೆ ಅದರಲ್ಲಿ ನಿಮ್ಮ ಕೈ ಕಂಡಿತ್ತು, ಕೋಲೂ ಕಂಡಿತ್ತು. ಎಂಟು ಗಂಟೆಯಾಗುತ್ತಾ ಬಂದಿತ್ತು. ನಾನು ಬಾಚಣಿಗೆ ಹುಡುಕಲು ಹೋದೆ. "ಹೌದು" ಎಂದು ಗುರುತು ಹಾಕಿ ಸಹಿ ಮಾಡಿದ್ದೇನೆ. ಸೋಮವಾರ ಬರುವಾಗ ಕೋಲನ್ನು ಮಗಳ ಕೈಗೆ ಕೊಡಿ. ತೂಕದ ಹೊತ್ತಿಗೆ ನಾನು ನಿಮ್ಮ ಪಕ್ಕದಲ್ಲೇ ನಿಲ್ಲುತ್ತೇನೆ, ತಲೆ ಬಾಚದೆ.