ಮಾಲೂರಿನಿಂದ ಮರಳದ ಅಣ್ಣನಿಗೆ

ಮುಳಬಾಗಿಲು
22-9-1986, ಸೋಮವಾರ

ಪ್ರೀತಿಯ ಕೋದಂಡಣ್ಣಾ,

ಈ ಕಾಗದ ಬರೆಯುತ್ತಿರುವವನು ಒಬ್ಬ ಕಳ್ಳ. ಇದನ್ನು ಪೂರ್ಣ ಪ್ರಜ್ಞೆಯಿಂದ, ಯಾರ ಒತ್ತಾಯವೂ ಇಲ್ಲದೆ, ಕಾಲೇಜಿನ ಸ್ಟಾಫ್ ರೂಮಿನ ತಿರುಗದ ಫ್ಯಾನಿನ ಸಾಕ್ಷಿಯಾಗಿ ಒಪ್ಪಿಕೊಳ್ಳುತ್ತಿದ್ದೇನೆ. ನಿನ್ನೆ ಭಾರತಿ ಬಾಳೆಲೆಯಲ್ಲಿ ಸುತ್ತಿ, ದಾರ ಕಟ್ಟಿ, 'ಭಾವನೋರಿಗೆ ನಿಮ್ಮ ಕೈಯಾರೆ ಕೊಡಿ' ಅಂತ ಎರಡೆರಡು ಸಲ ಹೇಳಿ ಕಳಿಸಿದ ಕಜ್ಜಾಯಗಳು ನಿನಗೆ ತಲುಪಲಿಲ್ಲವಲ್ಲ, ಅವು ದಾರಿಯಲ್ಲಿ ಬಿದ್ದುಹೋಗಲಿಲ್ಲ. ಸಿಟ್ಟಿನಲ್ಲಿ ಚೀಲದಿಂದ ತೆಗೆಯದೆಯೇ ಮಾಲೂರು ಬಿಟ್ಟೆ. ಕೋಲಾರದ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು, ಒಂದನ್ನೂ ಬಿಡದೆ, ಒಬ್ಬನೇ ತಿಂದೆ. ಪಕ್ಕದಲ್ಲಿ ಖಾಲಿ ಟೊಮೇಟೊ ಬುಟ್ಟಿ ಇಟ್ಟುಕೊಂಡು ಕೂತಿದ್ದ ರೈತ ಆಸೆಯಿಂದ ನೋಡಿದ, ಅವನಿಗೂ ಕೊಡಲಿಲ್ಲ. ಮನೆಗೆ ಬಂದು, 'ಅಣ್ಣ ಬೆರಳು ಚೀಪಿಕೊಂಡು ತಿಂದ' ಅಂತ ವರದಿ ಒಪ್ಪಿಸಿದೆ. ಕದಿರಿ ನರಸಿಂಹನಿಗೆ ಹರಕೆ ಹೊತ್ತು ಅಪ್ಪ ನನಗೆ ಕದಿರಪ್ಪ ಅಂತ ಹೆಸರಿಟ್ಟ. ಅದರ ಮೊದಲೆರಡು ಅಕ್ಷರ ಈ ವಯಸ್ಸಿನಲ್ಲಿ ಫಲ ಕೊಟ್ಟೀತು ಅಂತ ಅವನೂ ಎಣಿಸಿರಲಾರ.

ಕಳ್ಳನಿಗೂ ಶಿಷ್ಟಾಚಾರ ಇರುತ್ತದೆ. ಆರೋಗ್ಯವಾಗಿದ್ದೀಯಾ? ಫಿಟ್ಸ್ ಮಾತ್ರೆಯನ್ನು ಊಟವಾದ ಮೇಲೆ ನೀನೇ ನುಂಗುತ್ತಿದ್ದೀಯಾ, ಅಥವಾ ಇಲ್ಲಿ ಮಾಡುತ್ತಿದ್ದ ಹಾಗೆ ನಾಲಿಗೆಯಡಿ ಬಚ್ಚಿಟ್ಟು ಆಮೇಲೆ ತುಳಸಿಗಿಡಕ್ಕೆ ನೈವೇದ್ಯ ಮಾಡುತ್ತಿದ್ದೀಯಾ? (ಆ ಗಿಡಕ್ಕೆ ಇದುವರೆಗೆ ಒಂದು ಸಲವೂ ಫಿಟ್ಸ್ ಬಂದಿಲ್ಲ, ಅಷ್ಟು ಮಾತ್ರ ಸಮಾಧಾನ.) ಇಲ್ಲಿ ನಾವೆಲ್ಲ ಕ್ಷೇಮ ಅಂತ ಬರೆಯುವುದು ಪದ್ಧತಿ, ಬರೆದಿದ್ದೇನೆ. ಶ್ಯಾಮಲಮ್ಮನವರೇ, ಇದನ್ನು ಅಣ್ಣನಿಗೆ ಓದಿ ಹೇಳುವವರು ನೀವೇ ಅಂತ ಗೊತ್ತು. ದಯವಿಟ್ಟು ಹಳೇ ಇಸ್ಕೂಲಿನ ಪಾಠದ ರಾಗದಲ್ಲಿ ಓದಬೇಡಿ. ಬೈದಿರುವ ಕಡೆ ಬೈದ ಹಾಗೇ ಓದಿ. ಆ ಬೈಗುಳದಲ್ಲಿ ನಿಮ್ಮ ಪಾಲೂ ಇದೆ; ಅದನ್ನು ನೀವೇ ಬಡಿಸಿಕೊಳ್ಳಿ.

ಅಣ್ಣಾ, ನೀನು ನನಗೆ ಮೋಸ ಮಾಡಿದೆ. ಇದಕ್ಕಿಂತ ಮೆತ್ತಗಿನ ಮಾತು ಹುಡುಕಿದೆ, ಸಿಗಲಿಲ್ಲ. ಯುಗಾದಿ ಆದ ಮೇಲೆ ಶ್ಯಾಮಲಮ್ಮ ನಮ್ಮ ಬೀದಿಗೆ ಬಂದು, ಬುದ್ಧಿ ಬೆಳೆದಿಲ್ಲ ಅಂತ ಮನೆಯೊಳಗೇ ಉಳಿದುಕೊಂಡವರು ಯಾರಾದರೂ ಇದ್ದಾರಾ ಅಂತ ಬಾಗಿಲು ಬಾಗಿಲು ಕೇಳಿಕೊಂಡು ಹೋದದ್ದು ನಿನಗೆ ನೆನಪಿರಬಹುದು. ನಮ್ಮ ಹೊಸಿಲಿಗೆ ಬಂದಾಗ ನಾನು ಬಿ.ಎ. ಕ್ಲಾಸಿನ ಠೀವಿಯಲ್ಲಿ, 'ನಮ್ಮಣ್ಣನಿಗೆ ಇಲ್ಲಿ ಏನೂ ಕೊರತೆ ಇಲ್ಲ. ನಾನೇ ನೀರು ಹುಯ್ತೀನಿ, ನಾನೇ ಗಡ್ಡ ಮಾಡ್ತೀನಿ, ಕಾಫಿ ಕೂಡ ನಾನೇ ಊದಿ ಆರಿಸಿ ಕೊಡ್ತೀನಿ' ಅಂದೆ. ಅವರು ಕನ್ನಡಕದ ಮೇಲಿನಿಂದ ನೋಡಿ, 'ಸರಿ, ಅವರೇನು ಮಾಡ್ತಾರೆ?' ಅಂದರು. ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಸವಾಲಿನ ಹಾಗೆ ಒಪ್ಪಿಕೊಂಡೆ: ಮಾಲೂರಿನ ಅವರ ಮನೆಯಲ್ಲಿ ಮೂರು ತಿಂಗಳು ಇರು, ನಿನ್ನಂಥವರ ಜೊತೆ ಬದುಕುವುದನ್ನು ಕಲಿ, ಆಮೇಲೆ ವಾಪಸು ಬಾ. ಬೀದಿಯವರಿಗೆಲ್ಲ, 'ಮೂರು ತಿಂಗಳೆಲ್ಲಿ ಬಂತು, ಮುಂದಿನ ಸೋಮವಾರಕ್ಕೆ ಅಳ್ತಾ ಬರ್ತಾನೆ ನೋಡ್ತಾ ಇರಿ. ಅವನ ಮಾತು ಅಲ್ಲಿ ಯಾರಿಗೆ ಅರ್ಥವಾಗಬೇಕು?' ಅಂತ ಹೇಳಿಕೊಂಡು ತಿರುಗಿದೆ. ಆ ಸೋಮವಾರ ಹೋಯಿತು. ಮೂರು ತಿಂಗಳೂ ಹೋಯಿತು. ಈಗ ಬೀದಿಯವರು ನನ್ನನ್ನು ಕಂಡಾಗ ಬಹಳ ಮೃದುವಾಗಿ, 'ಬಂದ್ರಾ ಸಾರ್ ಅಣ್ಣಾವ್ರು?' ಅಂತಾರೆ. ಆ ಮೃದುತ್ವವನ್ನು ತಡೆದುಕೊಳ್ಳುವುದು ಕಷ್ಟ.

ನಾನು ಹಾಗೆ ಹೇಳಿದ್ದರಲ್ಲಿ ಜಂಬ ಇತ್ತು, ಆಧಾರವೂ ಇತ್ತು. ಹಳಗನ್ನಡಕ್ಕೆ ಈ ಜಿಲ್ಲೆಯಲ್ಲಿ ಎಷ್ಟೋ ಜನ ಪಂಡಿತರಿದ್ದಾರೆ. ಕೋದಂಡಗನ್ನಡಕ್ಕೆ ಇರುವವನು ನಾನೊಬ್ಬ. ನಿನ್ನ ಅರ್ಧ ಮಾತಿಗೆ, ಕಾಲು ಉಸಿರಿಗೆ ತಾತ್ಪರ್ಯ ಹೇಳಲು ಊರು ನನ್ನನ್ನೇ ಕರೆಯುತ್ತಿತ್ತು. ಪಾಠದ ಮಧ್ಯೆ ಕ್ಲಾಸಿನ ಬಾಗಿಲಿಗೇ ಬಂದು, 'ಸಾರ್, ನಿಮ್ಮಣ್ಣ ನಮ್ಮಂಗಡಿ ಮುಂದೆ ನಿಂತ್ಕೊಂಡು ಏನೋ ಅಂತಾವ್ರೆ, ಬಿರ್‍ರನೆ ಬನ್ನಿ' ಅನ್ನುತ್ತಿದ್ದರು. ನಂಗಲಿಯಲ್ಲಿ ನೀನು ನಿಂತಿದ್ದ ಲಾರಿ ಹತ್ತಿ ಡ್ರೈವರ್ ಪಕ್ಕ ಮಹಾರಾಜನ ಹಾಗೆ ಕೂತುಬಿಟ್ಟೆಯಲ್ಲ, ಆಗ ಆ ಆಂಧ್ರದವನು, 'ಎಕ್ಕಡಿಕಿ ಪೋವಾಲಂಟಾಡು ಸಾರ್?' ಅಂದ. 'ಎಲ್ಲಿಗೂ ಹೋಗಬೇಕಾಗಿಲ್ಲವಂತೆ, ಹಾರನ್ ಒತ್ತಬೇಕಂತೆ' ಅಂತ ನಾನು ಅನುವಾದಿಸಿದೆ. ಅವನು ಒತ್ತಿಸಿದ, ನೀನು ಇಳಿದೆ, ಎಲ್ಲರೂ ನಕ್ಕರು. ಅಮ್ಮ ನಿನ್ನನ್ನು 'ಪೆದ್ದೋಡಾ' ಅಂತ ಕರೆಯುತ್ತಿದ್ದಳು. ಅವಳ ತೆಲುಗಿನಲ್ಲಿ ಅದಕ್ಕೆ ದೊಡ್ಡ ಮಗ ಅಂತ ಅರ್ಥ. ಅವಳು ತೆಲುಗಿನಲ್ಲಿ ಕರೆದಳು, ಬೀದಿ ಕನ್ನಡದಲ್ಲಿ ಕೇಳಿಸಿಕೊಂಡಿತು. ಅವಳು ಹೋದ ಮೇಲೆ ಆ ಎರಡು ಭಾಷೆಗಳ ನಡುವೆ ನಿಂತು ನಿನ್ನ ಮಾನ ಕಾದವನು ನಾನು. ಹೀಗೆ ಹೇಳಿಕೊಳ್ಳುವುದು ಅಸಹ್ಯ ಅಂತ ಗೊತ್ತು. ನಿನ್ನೆ ಯಾರೂ ಹೇಳಲಿಲ್ಲವಾದ್ದರಿಂದ ನಾನೇ ಹೇಳಿಕೊಳ್ಳುತ್ತಿದ್ದೇನೆ.

ನಿನ್ನೆ ನೀನು ಜಗಲಿ ಮೇಲೆ ಮೊಣಕಾಲು ತಬ್ಬಿಕೊಂಡು ದಾರಿ ನೋಡುತ್ತಾ ಕೂತಿರುತ್ತೀಯ ಅಂತ ಬಸ್ಸಿನುದ್ದಕ್ಕೂ ಅಂದುಕೊಂಡು ಬಂದೆ. ಹೆಂಚಿನ ಕಾರ್ಖಾನೆಯ ಹಿಂದಿನ ಆ ಮನೆಯ ಬಾಗಿಲಲ್ಲಿ ಸಿಕ್ಕವನು ನಿನ್ನ ಸ್ನೇಹಿತ ತಾಜ್ ಪಾಷಾ, ಶ್ರೀನಿವಾಸಪುರದ ಮಾವಿನ ಮಂಡಿಯವರ ಮಗ, ನಿನ್ನ ಹಾಗೇ ನಿಧಾನದವನು. ನಿಧಾನ ನಡಿಗೆಗೆ ಮಾತ್ರ, ಬಾಯಿ ಚುರುಕು. 'ಚಪ್ಲಿ ಬಿಡಿ ಸಾರ್, ಕೋದಂಡ ಭಾಯ್ ಈಗಷ್ಟೇ ನೆಲ ಒರೆಸವ್ನೆ' ಅಂದ. ಚಪ್ಪಲಿ ಬಿಟ್ಟೆ. ಒಳಗೆ ನೋಡಿದರೆ ನೀನು ಒಲೆಯ ಹತ್ತಿರ! ಇಳಿಸಿದ ಪಾತ್ರೆಗೆ ಗೋಣಿಬಟ್ಟೆ ಸುತ್ತಿ ಎರಡು ಪಾದದಲ್ಲಿ ಅಮುಕಿ ಹಿಡಿದು, ಎರಡು ಕೈಯಲ್ಲಿ ಕೋಲು ಹಿಡಿದು, ಮುದ್ದೆ ತಿರುವುತ್ತಿದ್ದೆ. ನಿನಗೆ ಫಿಟ್ಸ್ ಅಂತ ಅಮ್ಮ ನಿನ್ನನ್ನು ಬೂದಿ ತೆಗೆಯಲೂ ಬಿಟ್ಟವಳಲ್ಲ. 'ಬಿಡೋ ಅದನ್ನ, ಸುಟ್ಕೊಂಡ್ ಸಾಯ್ತೀಯ!' ಅಂತ ಕೂಗಿದೆ. ನೀನು ತಲೆಯೆತ್ತಿ ನನ್ನನ್ನು ನೋಡಿ, ಮತ್ತೆ ತಲೆ ತಗ್ಗಿಸಿ ತಿರುವಿದೆ. ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕಾವಲು ಕೂತಿದ್ದ ಶ್ಯಾಮಲಮ್ಮ, 'ಭಾನುವಾರದ ಮುದ್ದೆ ಅವರದು ಸಾರ್. ಇಲ್ಲಿ ಒಬ್ಬರ ಪಾಳಿ ಇನ್ನೊಬ್ಬರು ಮಾಡಲ್ಲ' ಅಂದರು. ಆಮೇಲೆ ಊಟದ ಹೊತ್ತಿಗೆ ಒಂದೊಂದಾಗಿ ಸುದ್ದಿ ಹೇಳಿದರು. ಗಲ್ಲದ ಮೇಲಿನ ಗಾಯ ನೀನೇ ಗಡ್ಡ ಮಾಡಿಕೊಂಡದ್ದಂತೆ. ತರಕಾರಿ ಸಸಿ ಬೆಳೆಸುವ ಕಡೆ ಕೆಲಸಕ್ಕೆ ಹೋಗುತ್ತೀಯಂತೆ, ಬಸ್ಸಿನಲ್ಲಿ ಟಿಕೆಟ್ ನೀನೇ ತೆಗೆದುಕೊಳ್ಳುತ್ತೀಯಂತೆ, ಕಿಟಕಿ ಪಕ್ಕದ ಸೀಟಿಗೆ ತಾಜ್ ಜೊತೆ ಜಗಳವಂತೆ. ಇದನ್ನೆಲ್ಲ ಅವರು ಸಂತೋಷದ ಸುದ್ದಿ ಅಂತಲೇ ಹೇಳುತ್ತಿದ್ದರು. ನಾನು ಕೆಲಸದಿಂದ ತೆಗೆದುಹಾಕಿದ ಆರ್ಡರನ್ನು ಓದಿಸಿಕೊಳ್ಳುತ್ತಿರುವವನ ಹಾಗೆ ಕೂತಿದ್ದೆ.

ತಡೆಯಲಾರದೆ, 'ಮುದ್ದೆಯಲ್ಲಿ ಗಂಟಿದೆ' ಅಂದೆ. ತಾಜ್ ಪಾಷಾ, 'ಗಂಟು ಮುದ್ದೇಲಿಲ್ಲ ಸಾರ್, ನಿಮ್ಮ ಮಕದಾಗೈತೆ' ಅಂದ. ನೀನು ನಕ್ಕೆ. ತುತ್ತು ಗಂಟಲಿಗೆ ಸಿಕ್ಕಿಕೊಳ್ಳುವಷ್ಟು ನಕ್ಕೆ. ಅಣ್ಣಾ, ನಮ್ಮಲ್ಲಿ ಶ್ಲೇಷೆ ಹೇಳುವ ಕೆಲಸ ಯಾರದು? ನಲವತ್ತು ಹುಡುಗರು ಕ್ಲಾಸಿನಲ್ಲಿ ನಗದೆ ಕೂತ ದಿನ ನಾನು ಮನೆಗೆ ಬಂದು ಅದೇ ಹಾಸ್ಯವನ್ನು ನಿನಗೆ ಹೇಳುತ್ತಿದ್ದೆ, ನೀನು ಹೀಗೇ ನಗುತ್ತಿದ್ದೆ. ಗಡ್ಡ ಹೋಗಲಿ, ಕಾಫಿ ಹೋಗಲಿ. ಆ ನಗುವನ್ನು ಇನ್ನೊಬ್ಬನಿಗೆ ಕೊಡುವ ಮೊದಲು ನನ್ನನ್ನೊಂದು ಮಾತು ಕೇಳಬಹುದಿತ್ತು.

ಊಟವಾದ ಮೇಲೆ ನಾನು ಬಂದ ಕಾರಣ ಹೇಳಿದೆ. ಬರುವ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡಬೇಕು. ಮನೆಯ ದೊಡ್ಡ ಮಗ ಎಲೆ ಹಾಕಿ, ಬಡಿಸಿದ ಎಡೆಗೆ ನೀರು ಬಿಟ್ಟು, ಬಾಗಿಲು ಎಳೆದುಕೊಂಡು ಹೊರಗೆ ಬರಬೇಕು. ಹೋದವರು ಬಂದು ಉಂಡು ಹೋಗುವಷ್ಟು ಹೊತ್ತು ಎಲ್ಲರೂ ಅಂಗಳದಲ್ಲಿ ಕಾಯಬೇಕು. ಆಮೇಲೆ ಅವನೇ ಬಾಗಿಲು ತೆಗೆಯಬೇಕು. ನೀನು ಬಾಗಿಲು ತೆಗೆದು ಒಳಗೆ ನೋಡಿ ಪ್ರತಿ ವರ್ಷ ಏನಾದರೂ ಅನ್ನುತ್ತೀಯ, ನಾನು ಅದನ್ನು ನೆಂಟರಿಗೆ ತಿಳಿಸಿ ಹೇಳುತ್ತೇನೆ: 'ಅಮ್ಮ ಬಂದಿದ್ದಳಂತೆ, ಪಾಯಸ ಮುಟ್ಟಿದ್ದಾಳಂತೆ.' ಹೆಂಗಸರು ಕಣ್ಣೊರೆಸಿಕೊಳ್ಳುತ್ತಾರೆ. ಅದಿಲ್ಲದೆ ನಮ್ಮ ಮನೆಯಲ್ಲಿ ಎಡೆ ಎಡೆಯೇ ಅಲ್ಲ. 'ಇವತ್ತೇ ಹೊರಡು, ಬಟ್ಟೆ ಕಟ್ಕೋ, ಇನ್ನು ಇಲ್ಲಿದ್ದದ್ದು ಸಾಕು' ಅಂದೆ. ನೀನು ನನ್ನ ಮುಖ ನೋಡಿ, ಸ್ಪಷ್ಟವಾಗಿ, ಯಾವ ಪಂಡಿತನ ಸಹಾಯವೂ ಬೇಕಿಲ್ಲದ ಹಾಗೆ, 'ನಕ್ಕೋ' ಅಂದೆ. ಇಷ್ಟು ವರ್ಷ ನಾನು ಕಲಿಸಿದ ಮಾತುಗಳಲ್ಲಿ ಒಂದೂ ಅಷ್ಟು ಚೆನ್ನಾಗಿ ನಿನ್ನ ನಾಲಿಗೆ ಮೇಲೆ ನಿಂತಿರಲಿಲ್ಲ. ತಾಜ್ ಪಾಷಾ ನನಗೆ ಉಪಕಾರ ಮಾಡುವವನಂತೆ, 'ಬೇಡ ಅಂತಾನೆ ಸಾರ್' ಅಂತ ಅರ್ಥ ಹೇಳಿದ. ನಿನ್ನ ಮಾತಿಗೆ, ನನಗೆ, ಅವನು ಅರ್ಥ ಹೇಳಿದ! ಅವನ ಉರ್ದುವಿನಲ್ಲಿ ಅದು ಬೇಡ. ನಮ್ಮ ಕನ್ನಡದಲ್ಲಿ ಕೇಳಿಸಿಕೊಂಡರೆ, ಬೇಕಾದರೆ ನಕ್ಕೋ ಅಂತ ಅಪ್ಪಣೆ ಕೊಟ್ಟ ಹಾಗೆ. ನನಗೆ ಎರಡೂ ಅರ್ಥ ಹೊಳೆಯಿತು, ಒಂದಕ್ಕೂ ನಗು ಬರಲಿಲ್ಲ.

ಆದರೂ ನಾನು ಪೂರ್ತಿ ಸೋತು ಬರಲಿಲ್ಲ. ಅದನ್ನು ಇಲ್ಲಿ ದಾಖಲಿಸಬೇಕು. ಹೊರಟಾಗ ನೀನು ಬರಿಗಾಲಲ್ಲೇ ಗೇಟಿನ ತನಕ ಓಡಿ ಬಂದೆ. ನನ್ನ ಅಂಗಿಯ ತೋಳು ಹಿಡಿದು ಒಂದು ಮಾತು ಹೇಳಿದೆ, ನಿನ್ನ ಲೆಕ್ಕಕ್ಕೆ ಅದು ಉದ್ದನೆಯ ಮಾತು. ತಾಜ್ ಪಾಷಾ ಒಳಗೆ ತಟ್ಟೆ ತೊಳೆಯುತ್ತಿದ್ದ, ಅವನಿಗೆ ಕೇಳಿಸಲಿಲ್ಲ. ಶ್ಯಾಮಲಮ್ಮ ಜಗಲಿಯಿಂದ, 'ಏನಂದ್ರು ಸಾರ್? ನನಗೆ ಗೊತ್ತಾಗಲಿಲ್ಲ' ಅಂದರು. ಅಷ್ಟು ದಿನ ಜೊತೆಯಲ್ಲಿದ್ದವರು ನನ್ನನ್ನು ಕೇಳಬೇಕಾಯಿತು! 'ಅಮಾವಾಸ್ಯೆಗೆ ಬಂದೇ ಬರ್ತೀನಿ, ನೀನು ಚಿಂತೆ ಮಾಡಬೇಡ ಅಂತಿದ್ದಾನೆ' ಅಂತ ತಕ್ಷಣ ಹೇಳಿದೆ. ಅವರು ತಲೆಯಾಡಿಸಿದರು. ನೋಡಿದಿರಾ ಶ್ಯಾಮಲಮ್ಮನವರೇ, ಪಾಳಿ ನಿಮ್ಮದಿರಬಹುದು, ಭಾಷೆ ನನ್ನದು. ಭಾರತಿಗೆ ಆಗಲೇ ಹೇಳಿದ್ದೇನೆ. ಅವಳು ನಿನಗೆ ಹೊಸ ಪಂಚೆ ತರಿಸಿದ್ದಾಳೆ, ನಿನ್ನ ಕೋಣೆಗೆ ಸುಣ್ಣ ಕಲಸುತ್ತಿದ್ದಾಳೆ, ನೆಂಟರಿಗೆ ಹೇಳಿ ಕಳಿಸುತ್ತಿದ್ದಾಳೆ. ಬೀದಿಗೂ ಗೊತ್ತಾಗಿದೆ, ಇವತ್ತು ಬೆಳಿಗ್ಗೆಯಿಂದ ಯಾರೂ ನನ್ನ ಹತ್ತಿರ ಮೃದುವಾಗಿ ಮಾತಾಡಿಲ್ಲ.

ಕುರುಡುಮಲೆ ಗಣಪ ನಿನ್ನ ಕೈಕಾಲು ಗಟ್ಟಿಯಾಗಿಟ್ಟಿರಲಿ, ಒಲೆಯ ಹತ್ತಿರ ಒಂದು ಕಣ್ಣು ಹೆಚ್ಚಾಗಿ ಇಟ್ಟಿರಲಿ. ಶ್ಯಾಮಲಮ್ಮನವರಿಗೆ ಸಿಟ್ಟಿನ ನಮಸ್ಕಾರ. ತಾಜ್ ಪಾಷಾನಿಗೆ ಏನೂ ಇಲ್ಲ. ಸರಿ, ಅವನಿಗೂ ಒಂದು ಸಲಾಂ.

ನಿನ್ನಿಂದ ಮೋಸಹೋದ, ನಿನ್ನ ತಮ್ಮ,
ಕದಿರಪ್ಪ

ತಾ.ಕ.: ಟಪಾಲಿನವನು ಪೆಟ್ಟಿಗೆ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಶ್ಯಾಮಲಮ್ಮನವರೇ, ಇದನ್ನೂ ಓದಿ, ಬಿಡಬೇಡಿ. ಅಣ್ಣಾ, ಗೇಟಿನ ಹತ್ತಿರ ನೀನು ಹೇಳಿದ ಮಾತು ನನಗೆ ಅರ್ಥವಾಗಲಿಲ್ಲ. ಒಂದಕ್ಷರವೂ ಆಗಲಿಲ್ಲ. ಶ್ಯಾಮಲಮ್ಮ ಕೇಳಿದಾಗ ಗೊತ್ತಿಲ್ಲ ಅನ್ನಲು ನಾಚಿಕೆಯಾಯಿತು, ನನಗೆ ಬೇಕಾದದ್ದನ್ನು ಹೇಳಿಬಿಟ್ಟೆ. ಬಸ್ಸಿನಲ್ಲಿ ಆ ಸದ್ದನ್ನು ಬಾಯಲ್ಲಿ ಹಾಗೂ ಹೀಗೂ ತಿರುಗಿಸಿ ನೋಡಿದೆ, ಏನೂ ಹೊಳೆಯಲಿಲ್ಲ. ಅದನ್ನು ಇನ್ನೊಂದು ಸಲ ಅವರ ಮುಂದೆ ಹೇಳು. ತಾಜ್ ಪಾಷಾ ಪಕ್ಕದಲ್ಲಿರಲಿ, ಅವನಿಗೆ ತಿಳಿಯುತ್ತದೆ. ಬರಲ್ಲ ಅಂತ ಅಂದಿದ್ದರೂ ಸರಿ, ಇನ್ನು ನೀನೂ ಇಲ್ಲಿಗೆ ಬರಬೇಡ ಅಂತ ನನಗೆ ಅಂದಿದ್ದರೂ ಸರಿ, ಅವನು ಏನು ಹೇಳುತ್ತಾನೋ ಹಾಗೇ ಬರೆಸಿ ಕಳಿಸು.