ಶಿರಾ ಸೀಮೆಯ ಕುರಿಮಂದೆ

೧೯೩೨ ಮಾರ್ಚ್ ೧೪, ಸೋಮವಾರ.

ಈ ರಾಜಿಗೆ ತಗುಲಿದ್ದು ಎರಡು ಹಗಲು, ಒಂದು ಜೊತೆ ಚಪ್ಪಲಿ, ನನ್ನ ಗಂಟಲು.

ಮೈಸೂರು ಸೀಮೆಯ ಶಿರಾ ಕಡೆಯಿಂದ ಗಡಿ ದಾಟಿ ಮೇವಿಗೆ ಬಂದ ಕದರಮ್ಮನ ಕುರಿಗಳನ್ನು, ಹೊಲಕ್ಕೆ ನುಗ್ಗಿದವೆಂದು ನಮ್ಮ ಅಮರಾಪುರದ ದೊಡ್ಡರಂಗಪ್ಪ ಸರ್ಕಾರಿ ದೊಡ್ಡಿಗೆ ಹಾಕಿಸಿದ್ದ. ಸಿಟ್ಟಿಗೆ ಅವಳ ಊರಿನವರು ನಮ್ಮ ದನಗಳನ್ನು ತಮ್ಮ ಕೆರೆಗೆ ಬಿಡಲಿಲ್ಲ.

ಇಬ್ಬರನ್ನೂ ಎದುರುಬದುರು ಕೂರಿಸಿದೆ. “ಪರಸೀಮೆ ಕುರಿಗೆ ನನ್ನ ಹೊಲ ಯಾಕೆ?” ಎಂದ ದೊಡ್ಡರಂಗಪ್ಪ.

“ಹೊಲದಾಗೆ ಮಂದೆ ನಿಲ್ಸು ಅಂತ ಹೋದೊರ್ಸ ನೀನೇ ಬಂದಿದ್ದೆ ಕಣಣ್ಣ. ಗೊಬ್ಬರ ಯಾವ ಸೀಮೇದು ಅಂತ ಆಗ ಕೇಳ್ಲಿಲ್ಲ,” ಎಂದಳು ಕದರಮ್ಮ.

ಅವನ ಹೆಂಡತಿಯೇ ನಕ್ಕುಬಿಟ್ಟಳು. ಅಲ್ಲಿಗೆ ನನ್ನ ಅರ್ಧ ಕೆಲಸ ಮುಗಿಯಿತು. ಕುರಿಗಳನ್ನು ದೊಡ್ಡಿಯಿಂದ ಬಿಡಿಸಲಿ, ಐದು ರಾತ್ರಿ ಮಂದೆ ಅವನ ಹೊಲದಲ್ಲೇ ತಂಗಲಿ ಎಂದೆ, ಇಬ್ಬರೂ ಒಪ್ಪಿದರು. ಗಡಿಕಲ್ಲು ನೆಟ್ಟವರಿಗೆ ಗೊತ್ತಿಲ್ಲ, ನಮ್ಮೆರಡು ಊರು ಮಾತು ಬಿಡುವುದೂ ಕೂಡುವುದೂ ಈ ಕುರಿಗಳಿಂದಲೇ.

ದೊಡ್ಡರಂಗಪ್ಪನ ಹೊಲಕ್ಕೆ ಗೊಬ್ಬರ, ಕುರಿಗೆ ಮೇವು, ನಮ್ಮ ದನಗಳಿಗೆ ನೀರು. ನನಗೆ ಒಂದು ಚೆಂಬು ಕುರಿಹಾಲು, ಅದೂ ಮನೆಗೆ ತರುವಷ್ಟರಲ್ಲಿ ಒಡೆದಿತ್ತು.