ನಡುಮನೆಯ ಗೀರು

ಮಾರ್ಚ್ ೧೪, ಶುಕ್ರವಾರ

ಇಪ್ಪತ್ತು ವರ್ಷ ಊರವರ ನೆಲ ಹಾಕಿದವನು ಕೊನೆಗೂ ನಮ್ಮ ನಡುಮನೆಗೆ ಕಲ್ಲು ಹಾಸಿದೆ. ಲಕ್ವ ಹೊಡೆದ ಮೇಲೆ ನನ್ನವಳ ಎಡಗಾಲು ಎಳೆಯುತ್ತದೆ. ಅವಳು ಎಡವದಿರಲೆಂದು ಒಂದೊಂದು ಕಲ್ಲಿನ ಕೊಯ್ದ ಅಂಚನ್ನೂ ಉಜ್ಜಿದೆ, ಪಾಲಿಶ್ ಮಾತ್ರ ಮಾಡಲಿಲ್ಲ.

“ಊರವರಿಗೆಲ್ಲ ಕನ್ನಡಿ, ನನಗೆ ಒರಟು ಕಲ್ಲಾ?” ಅಂದಳು.

“ಜಾರಬಾರದಲ್ಲ.”

“ನಾನು ಜಾರಿದ್ದು ಒಂದೇ ಸಲ, ನಿಮ್ಮನ್ನ ಒಪ್ಪಿಕೊಂಡಾಗ.”

ಮಧ್ಯಾಹ್ನ ಕಲ್ಲಿಗೆ ಕಲೆ ಇಳಿಯದ ಹಾಗೆ ಸೀಲರ್ ಬಳಿದು, ಆರುವ ತನಕ ಕಾಲಿಡಬೇಡ ಎಂದು ಹೇಳಿ, ಮುಂಬಾಗಿಲ ಬಳಿಯೇ ನಿದ್ದೆಹೋದೆ. ಎದ್ದಾಗ ಮೈಮೇಲೆ ಹೊದಿಕೆ ಇತ್ತು. ಹಸಿ ಸೀಲರ್ ಮೇಲೆ ಅವಳ ಕೋಣೆಯಿಂದ ನನ್ನ ತನಕ ಬಲಗಾಲಿನ ಗುರುತುಗಳು, ಪಕ್ಕದಲ್ಲೊಂದು ಉದ್ದ ಗೀರು. ನಾಲ್ಕು ತಿಂಗಳಿಂದ ನನ್ನ ಹೆಗಲಿಲ್ಲದೆ ಒಂದು ಹೆಜ್ಜೆ ಇಟ್ಟವಳಲ್ಲ.

ಗಿರಾಕಿಯ ಮನೆಯಾಗಿದ್ದರೆ ಕೂಗಾಡಿ, ಉಜ್ಜಿ ತೆಗೆಯುತ್ತಿದ್ದೆ. ನಾಳೆ ಇದರ ಮೇಲೆ ಇನ್ನೊಂದು ಕೋಟ್ ಬಳಿಯಬೇಕು, ಅಳಿಸಿಹೋಗದ ಹಾಗೆ.